ತೊಗಲ ಹೊಲಿಯೂ ಮಷೀನು

ಮೊರಬ
ತಾ. 6-7-2024

ಗುಡದಪ್ಪ ಕಾಕಾರಿಗೆ,

ಮೊರಬದ ನಾಲಬಂದ ಅಬ್ದುಲ್‌ಸಾಬರ ಮಗಳು ತಬಸುಮ್ ಬರಿಯಾಕತ್ತೀನ್ರಿ. ಹೆಸರು ನೋಡಿದ ಕೂಡ್ಲೆ ಕಾಗದ ಒಲಿಗೆ ಹಾಕಬ್ಯಾಡ್ರಿ, ಪೂರಾ ಓದ್ರಿ. ಮೊದಲ ಫೋನ್ ಹಚ್ಚಿದ್ದೆ. ನಿಮ್ಮ ಸೊಸಿ ಮಹಾನಂದಾ ಅಕ್ಕ ಎತ್ತಿದ್ರು. "ಮಾವಗ ಕಿವಿ ಪೂರ್ತಿ ಹೋಗ್ಯಾವ. ಕಾಗದ ಬರದ್ರ ಓದತಾರ, ಉತ್ತರಾನೂ ಬರೀತಾರ, ಸಿಟ್ಟು ಬಂದ್ರ ಎರಡು ಹಾಳಿ ಬರೀತಾರ" ಅಂದ್ರು. ಅದಕ್ಕ ಈ ಕಾಗದ.

ನಿಮಗೂ ನಮ್ಮ ಅಪ್ಪಗೂ ಒಂಬತ್ತು ವರ್ಷದಿಂದ ಮಾತಿಲ್ಲ ಅನ್ನೂದು ಗೊತ್ತೈತಿ. ದನದ ಸಂತ್ಯಾಗ ಇಬ್ಬರೂ ಒಂದ ತಾಡಪತ್ರಿ ಕೆಳಗ ಕೂಡ್ರತಿದ್ರಿ. ಅಪ್ಪ ಎತ್ತಿಗೆ ನಾಲ ಬಡೀತಿದ್ರು, ನೀವು ಬಾಜೂಕ ಕುಂತು ಎತ್ತಿನ ಕೊಳ್ಳಿಗೆ ತೊಗಲಿನ ಗೆಜ್ಜಿಪಟ್ಟಿ ಹೊಲಿತಿದ್ರಿ. ಆಮ್ಯಾಲೆ ಅಪ್ಪ ನೈಲಾನ್ ಪಟ್ಟಿ ತಂದು ನಿಮ್ಮ ಮಾರಿ ಮುಂದ ಮಾರಾಕ ಇಟ್ರು. ತಪ್ಪು ಅವರದ. ಆದ್ರ ಆ ಪಂಚಾಯ್ತಿ ಮಾಡಾಕ ನಾ ಈ ಕಾಗದ ಬರದಿಲ್ಲ.

ನಾ ಟ್ರ್ಯಾಕ್ಟರ್ ಸೀಟಿನ ಕವರ್, ಸಾಲಿ ಹುಡುಗರ ಚೀಲ, ಬ್ಲೌಸ್ ಹೊಲಿತೀನ್ರಿ. ಈಗ ತೊಗಲ ಹೊಲೀಬೇಕಂತ ಮಾಡೀನಿ. ನೈಲಾನ್ ಪಟ್ಟಿ ಎತ್ತಿನ ಕೊಳ್ಳ ಕೊಯ್ತಾವಂತ ಜನ ಮತ್ತ ತೊಗಲಿಂದ ಕೇಳಾಕತ್ತಾರ. ನನ್ನ ಕಾಲ್ಮಷೀನಿಗೆ ಅದು ಆಗೂದಿಲ್ಲ. ಎರಡು ಪದರ ಇಟ್ರ ಸೂಜಿ ಟಕ್ ಅಂತ ಮುರೀತೈತಿ.

ಹುಬ್ಬಳ್ಯಾಗ ಎರಡು ದೊಡ್ಡ ಮಷೀನ್ ನೋಡಿ ಬಂದೀನಿ. ಒಂದಕ್ಕ ಮುಂದ ತೋಳಿನಂಗ ಚಾಚಿದ ಕಬ್ಬಿಣ ಐತಿ, ಮ್ಯಾಲಿನ ಪಾದಾನೂ ಕೆಳಗಿನ ಹಲ್ಲೂ ಕೂಡೇ ತೊಗಲ ಎಳೀತಾವ. ಇನ್ನೊಂದು ತಾಡಪತ್ರಿ, ಗೋಣಿಚೀಲ ಹೊಲಿಯೂದು. ಸಪಾಟ, ಭಾರಿ, ಸೂಜಿ ಬೆರಳಿನಷ್ಟ ದಪ್ಪ ಕಾಣತೈತಿ. ಯಾವುದು ತಗೊಳ್ಳಲಿ?

ನನ್ನ ಗಂಡ ಯುನೂಸ್ ಮಷೀನಿಗಂತ ಕೂಡಿಸಿಟ್ಟ ರೊಕ್ಕದಾಗ ಬಾಡಿಗಿ ಹೊಡಿಯಾಕ ಮೂರು ಗಾಲಿ ಟಂಟಂ ಗಾಡಿ ತಗೋಬೇಕಂತಾರ. ಜಗಳಾಡಿ ಜಗಳಾಡಿ ಒಂದು ಮಾತಿಗೆ ಬಂದೀವಿ. ದೀಪಾವಳಿತನ ನನಗ ಬಿಟ್ಟಾರ. ಅಷ್ಟರಾಗ ಮಷೀನ್ ಕೆಲಸಕ್ಕ ಹತ್ತಲಿಲ್ಲಂದ್ರ ಅದನ್ನ ಮಾರಿ ಟಂಟಂ. ಆಮ್ಯಾಲೆ ನಾ ಜನ್ಮಪೂರ್ತಿ ಬ್ಲೌಸಿಗೆ ಹುಕ್ ಹಚ್ಚಿಕೋತ ಕೂಡ್ರಬೇಕು. ನನಗ ಅದು ಬ್ಯಾಡ್ರಿ. ತೊಗಲ ತಿಳದಾವರು ಈ ಕಡೆ ನೀವೊಬ್ಬರ ಉಳದೀರಿ.

ನಿಮ್ಮ ಮಗಳಿದ್ದಂಗ,
ತಬಸುಮ್


ತಂಬೂರ
ತಾ. 17-7-2024

ತಬಸುಮ್,

ಕಾಗದ ಮುಟ್ಟಿತು. ಒಲಿಗೆ ಹಾಕಲಿಲ್ಲ. ಇಲ್ಲಿ ಮಳಿ ಹಿಡದು ಹದಿನೈದು ದಿನ ಆತು, ಹಾಕಿದ್ರೂ ಒಲಿ ಹತ್ತವಲ್ದು.

ಮಷೀನ್ ಅಂದ್ರ ನನಗ ಮೈ ಉರೀತೈತಿ. ಅದು ನಿನಗೂ ಗೊತ್ತು. ಗೊತ್ತಿದ್ದೂ ಕೇಳೀಯಲ್ಲ, ಧೈರ್ಯ ಐತಿ ನಿನಗ. ನಿಮ್ಮಪ್ಪಗ ಇಷ್ಟು ಧೈರ್ಯ ಇದ್ದಿದ್ರ ಆವತ್ತ ಸಂತ್ಯಾಗ ನನ್ನ ಮಾರಿ ನೋಡಿ ಮಾತಾಡತಿದ್ದ. ಕಣ್ಣು ತಪ್ಪಿಸಿದ.

ಮೊದಲ ಇದು ಹೇಳು. ತೊಗಲ ಯಾವುದು ತರಾಕಿ? ಎಮ್ಮಿದೋ, ದನದ್ದೋ? ಯಾರು ಕೊಯ್ದು ಕೊಡಾವರು? ಕೈಲೆ ಹೊಲಿಯಾಕ ಬರ್ತೈತೋ ಇಲ್ಲೋ? ನಮ್ಮ ಹೊಲಿಗ್ಯಾಗ ಸೂಜಿ ಎರಡು. ಒಂದ ತೂತಿನಾಗ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ದಾಟ್ತಾವ. ಒಂದು ದಾರ ಹರದ್ರೂ ಇನ್ನೊಂದು ಹಿಡಕೊಂಡಿರ್ತೈತಿ. ಗಾಡಿ ಎಳಿಯೂ ಎತ್ತಿನ ಪಟ್ಟಿ ನಡುದಾರ್ಯಾಗ ಬಿಚ್ಚಿದ್ರ ಏನಾಗತೈತಿ ಅಂತ ನಾಲಬಂದನ ಮಗಳಿಗೆ ಹೇಳೂ ಜರೂರಿಲ್ಲ.

ಕೈಲೆ ಬರಲಾರದವರಿಗೆ ಮಷೀನೂ ಬರೂದಿಲ್ಲ. ಒಂದು ಗೇಣು ತೊಗಲ ಕೈಲೆ ಹೊಲದು ಪೋಸ್ಟಿನಾಗ ಹಾಕು. ನೋಡಿ ಆಮ್ಯಾಲೆ ಹೇಳ್ತೀನಿ.

ನಿಮ್ಮಪ್ಪ ಇನ್ನೂ ನಾಲ ಬಡೀತಾನೇನು? ಸುಮ್ಮನ ಕೇಳಿದೆ. ಉತ್ತರ ಬರೀಲಿಲ್ಲಂದ್ರೂ ನಡೀತೈತಿ.

ಗುಡದಪ್ಪ


ಮೊರಬ
ತಾ. 30-7-2024

ಕಾಕಾ,

ಲಕೋಟಿಯೊಳಗಿನ ತುಂಡು ನೋಡ್ರಿ. ಮೊದಲಿನ ನಾಕು ಬೆರಳು ನೋಡಬ್ಯಾಡ್ರಿ, ಅಲ್ಲಿ ತೂತು ಹೊಡಿಯೂ ಆರಿ ನನ್ನ ಅಂಗೈಗೆ ಹೊಕ್ಕಿತ್ತು. ಕಪ್ಪಗ ಕಾಣೂದು ರಕ್ತ. ಕೊನಿಗೆ ಚಲೋ ಬಂದೈತಿ ಅಂತ ನನಗ ಅನಸತೈತಿ. ತೊಗಲ ಎಮ್ಮಿದು. ಅಥಣಿ ಕಡೆಯಿಂದ ಹುಬ್ಬಳ್ಳಿಗೆ ಬರ್ತೈತಿ. ಕೊಯ್ಯೂದು ನಾನ.

ಅಪ್ಪ ಆ ತುಂಡು ತಿರುವಿ ಮುರುವಿ ನೋಡಿದ್ರು. "ಗುಡದ್ಯಾ ಇದನ್ನ ನೋಡಿದ್ರ ಹಣಿ ಹಣಿ ಬಡಕೊಂತಾನ" ಅಂದ್ರು. ನಿಮಗ ಬರಿಯಾಕತ್ತಿದ್ದು ಅವರಿಗೆ ಹೆಂಗ ಗೊತ್ತಾತೋ! ನಾ ಅಂತೂ ಹೇಳಿಲ್ಲ. ನಾಲ ಇನ್ನೂ ಬಡೀತಾರ್ರಿ, ಆದ್ರ ವಾರಕ್ಕ ಒಂದೋ ಎರಡೋ ಜೋಡಿ. ಊರು ತುಂಬ ಟ್ರ್ಯಾಕ್ಟರ್ ಅದಾವ. ಗಾಡಿ ಎಳಿಯೂ ಸ್ಪರ್ಧಾಕ್ಕ ಎತ್ತು ಸಾಕಿದವರಷ್ಟ ಬರತಾರ.

ಮೋಟರಿನ ವಿಷಯಾನೂ ತಿಳಕೊಂಡೆ. ನಮ್ಮ ಮನಿಗೆ ಬರೂದು ಸಿಂಗಲ್ ಫೇಸ್. ತ್ರೀ ಫೇಸ್ ಬರೂದು ಹೊಲದ ಪಂಪಿಗೆ, ಅದೂ ಅವರು ಕೊಟ್ಟಾಗ. ಎರಡೂ ಮಷೀನಿಗೆ ಸಿಂಗಲ್ ಫೇಸ್ ಮೋಟರ್ ಹಚ್ಚಿ ಕೊಡತಾರಂತ. ಕಾಲು ಸಾವಕಾಶ ಒತ್ತಿದ್ರ ಒಂದೊಂದ ಹೊಲಿಗಿ ಹಾಕತೈತಿ, ಭರ್ ಅಂತ ಓಡೂದಿಲ್ಲ.

ಈಗ ಹೇಳ್ರಿ, ತೋಳಿಂದೋ, ತಾಡಪತ್ರಿದೋ?

ತಬಸುಮ್


ತಂಬೂರ
ತಾ. 8-8-2024

ತಬಸುಮ್,

ತುಂಡು ನೋಡಿದೆ. ನಿಮ್ಮಪ್ಪ ಅಂದಂಗ ಹಣಿ ಬಡಕೊಳ್ಳಲಿಲ್ಲ. ಕೊನೀ ಆರು ಬೆರಳು ನನ್ನ ಮಗ ಭೀಮೇಶ ಹೊಲಿಯೂದಕ್ಕಿಂತ ಚಲೋ ಐತಿ. ಅವಂಗ ತೋರಿಸಿದೆ. ಮಾರಿ ಸೊಟ್ಟ ಮಾಡಿ ಎದ್ದು ಹೋದ. ಅವ ಕಲಘಟಗ್ಯಾಗ ಚಪ್ಪಲ್ ಅಂಗಡಿ ಇಟ್ಟಾನ, ರೆಡಿಮೇಡ ಮಾರತಾನ. ಆರಿ ಮುಟ್ಟಿ ಎಷ್ಟೋ ವರ್ಷ ಆತು.

ಮಷೀನ್ ಹೆಂಗ ನೋಡಬೇಕು ಅಂತ ಹೇಳ್ತೀನಿ, ಕೇಳು. ಅಂಗಡ್ಯಾವ ಕೊಟ್ಟ ತುಂಡಿನ ಮ್ಯಾಲೆ ಹೊಲದು ನೋಡಬ್ಯಾಡ. ಬೆಣ್ಣಿಯಂಥಾದ್ದು ಒಂದು ಇಟ್ಟಿರತಾನ, ಎಲ್ಲಾರಿಗೂ ಅದನ್ನ ಕೊಡತಾನ. ನಿನ್ನ ತೊಗಲ ನೀನ ಒಯ್ಯಿ. ರಾತ್ರಿ ಬಾನ್ಯಾಗ ನೀರು ಹಾಕಿ ನೆನಿ ಇಡು. ಮುಂಜಾನೆ ಹಸಿ ಅರಬ್ಯಾಗ ಸುತ್ತಿ ಒಯ್ಯಿ. ನನ್ನ ಅಪ್ಪ, ನನ್ನ ಅಜ್ಜ ನೆನಿಯಲಾರದ ತೊಗಲಿಗೆ ಆರಿ ಹಚ್ಚಿದವರಲ್ಲ. ನೆನದ ತೊಗಲ ಹೇಳಿದ ಮಾತು ಕೇಳತೈತಿ, ಒಣಗಿದ ಮ್ಯಾಲೆ ದಾರಾನ ಬಿಗಿ ಹಿಡೀತೈತಿ. ಎರಡು ಪದರ ಹಸಿ ತೊಗಲ ಯಾವ ಮಷೀನ್ ತಪ್ಪಲಾರದ ಹೊಲಿತೈತೋ ಅದನ್ನ ತಗೋ. ಇನ್ನೊಂದರ ಕಡೆ ತಿರುಗಿ ನೋಡಬ್ಯಾಡ.

ಅಂಗಡ್ಯಾವ ಏನರ ಬ್ಯಾರೆ ಹೇಳಿದ್ರ ನಗು, ಸುಮ್ಮನಿರು. ಅವ ಕಬ್ಬಿಣ ಮಾರಾವ. ತೊಗಲ ಅವಗೇನು ಗೊತ್ತು!

ಗುಡದಪ್ಪ


ಮೊರಬ
ತಾ. 27-8-2024

ಕಾಕಾ,

ಮಷೀನ್ ಬಂತು! ನಾಕು ಮಂದಿ ಹೊತ್ತು ಇಳಿಸಿದ್ರು. ಪಡಸಾಲ್ಯಾಗ ಇಟ್ಟೀನಿ, ಯುನೂಸ್ ತಿರುಗಾಡಾಕ ಜಾಗಾ ಇಲ್ಲಂತ ಗೊಣಗತಾರ.

ನೀವು ಹೇಳಿದಂಗ ಮಾಡಿದೆ. ಹಸಿ ತೊಗಲ ಅರಬ್ಯಾಗ ಸುತ್ತಿ ಬಸ್ಸಿನಾಗ ಒಯ್ದೆ. ಬಾಜೂಕ ಕುಂತಾಕಿ ಮೂಗು ಮುಚ್ಚಿಕೊಂಡು ಸೀಟು ಬದಲಿ ಮಾಡಿದ್ಲು. ಅಂಗಡ್ಯಾವ ಕಾಶಿನಾಥ ಅಂತ, ಅವನೂ ನೋಡಿ ನಕ್ಕ. "ಅಕ್ಕಾರ, ಮಷೀನಿಗೆ ಒಣಾ ತೊಗಲ ಕೊಡಬೇಕ್ರಿ" ಅಂದ. ನಾನೂ ನಕ್ಕು ಸುಮ್ಮನಿದ್ದೆ.

ತೋಳಿನ ಮಷೀನ್ ಅಂತೂ ಫೇಲಾತು. ಹತ್ತು ಹೊಲಿಗ್ಯಾಗ ಮೂರು ತಪ್ಪಿದ್ವು, ದಾರ ಗಂಟಾತು, ತೊಗಲ ಪಾದಕ್ಕ ಅಂಟಿ ಮುಂದ ಸರೀಲಿಲ್ಲ. ತಾಡಪತ್ರಿದು ದಡ್ ದಡ್ ಅಂತ ಹೊಲಕೊಂಡು ಹೋತು, ಒಂದೂ ತಪ್ಪಲಿಲ್ಲ. "ನೋಡ್ರಿ, ಮನಿಗೆ ಹೋಗಿ ಬೈಬ್ಯಾಡ್ರಿ, ಒಮ್ಮೆ ಒಯ್ದ ಮ್ಯಾಲೆ ತಿರುಗಿ ತಗೊಳ್ಳೂದಿಲ್ಲ" ಅಂತ ಕಾಶಿನಾಥ ಎರಡು ಸಲ ಅಂದ. ತೋಳಿಂದ ತುಟ್ಟಿ ಐತಿ, ಅದನ್ನ ಮಾರೂ ಆಸೆ ಅವಗ ಅಂತ ತಿಳಕೊಂಡೆ.

ದೀಪಾವಳಿಗೆ ಎಂಟು ಜೋಡಿ ಪಟ್ಟಿ ಹೇಳಿ ಹೋಗ್ಯಾರ. ನಾಳೆಯಿಂದ ಸುರು. ನಿಮ್ಮ ಉಪಕಾರ ಮರೆಯೂದಿಲ್ಲ.

ನಿಮ್ಮ ಮಗಳು
ತಬಸುಮ್


ಮೊರಬ
ತಾ. 21-9-2024

ಗುಡದಪ್ಪ ಕಾಕಾರಿಗೆ,

ಮೂರು ಜೋಡಿ ಹಾಳಾದ್ವು. ಒಂದು ತುಂಡು ಇದರಾಗ ಇಟ್ಟೀನಿ. ನೀವ ಜಗ್ಗಿ ನೋಡ್ರಿ. ಪೋಸ್ಟಿನ ತಿಕೀಟು ಹರದಂಗ ಹೊಲಿಗಿ ಗುಂಟ ಹರೀತೈತಿ. ಸೂಜಿ ದಪ್ಪ, ತೂತು ದೊಡ್ಡು, ಒಂದರ ಬಾಜೂಕ ಒಂದು. ಕೆಳಗಿನ ಹಲ್ಲು ತೊಗಲ ಕಚ್ಚಿ ಸಾಲುಸಾಲು ಗುರುತು ಮೂಡಸ್ಯಾವ. ಬ್ಯಾಸರಿಲ್ಲದ ಎಲ್ಲಾ ನಮೂನಿ ಮಾಡಿ ನೋಡಿದೆ. ನೆನಿಸಿ ಹೊಲದೆ, ಅದೂ ಹರೀತು. ಒಣಗಿದ ಮ್ಯಾಲೆ ತೂತು ಇನ್ನಷ್ಟು ಅಗಲಾದ್ವು.

ಅಂಗಡಿಗೆ ಹೋದೆ. ಕಾಶಿನಾಥ ನನ್ನ ಒಣಾ ತುಂಡು ತೋಳಿನ ಮಷೀನಿಗೆ ಕೊಟ್ಟು ತೋರಿಸಿದ. ಮುತ್ತು ಪೋಣಿಸಿದಂಗ ಬಂತು. ಒಂದೂ ತಪ್ಪಲಿಲ್ಲ. ಅಲ್ಲೇ ಕುಂತು ಅತ್ತೆ ಕಾಕಾ, ಅಂಗಡಿ ತುಂಬ ಗಂಡಸರು ಇದ್ರು, ಆದ್ರೂ ಅತ್ತೆ. ಮಷೀನ್ ತಿರುಗಿ ತಗೊಳ್ಳೂದಿಲ್ಲ ಅಂದ. ಮೊದಲ ಹೇಳಿದ್ದ, ಅವಂದೇನೂ ತಪ್ಪಿಲ್ಲ.

ಯುನೂಸ್ ಒಂದು ಮಾತು ಅಂದಾರ. ನಾ ಮುಚ್ಚಿಡೂದಿಲ್ಲ, ಬರದ ಬಿಡತೀನಿ. "ಮುದುಕ ನಿಮ್ಮಪ್ಪನ ಮ್ಯಾಲಿನ ಸಿಟ್ಟು ನಿನ್ನ ಮ್ಯಾಲೆ ತೀರಿಸಿಕೊಂಡ" ಅಂದ್ರು. ನಾ ಹಂಗಲ್ಲ ಅಂದೆ. ಅಂದೆ ಖರೆ, ನಿದ್ದಿ ಬರವಲ್ದು. ಹೌದೋ ಅಲ್ಲೋ, ನೀವ ಹೇಳ್ರಿ. ಅಪ್ಪಗ ಕೇಳಿದ್ರ ಎದ್ದು ಹೊರಗ ಹೋದ್ರು.

ದೀಪಾವಳಿ ನಲವತ್ತು ದಿನ ಐತಿ.

ತಬಸುಮ್


ತಂಬೂರ
ತಾ. 16-10-2024

ತಬಸುಮ್,

ತಡ ಆತು. ಮೂರು ಸಲ ಬರದೆ, ಮೂರು ಸಲ ಹರದೆ.

ಸಿಟ್ಟು ತೀರಿಸಿಕೊಳ್ಳೂ ಮನಸಿದ್ರ ನಿನ್ನ ಮೊದಲಿನ ಕಾಗದಕ್ಕ ಉತ್ತರಾನ ಬರೀತಿದ್ದಿಲ್ಲ. ನಿನ್ನ ಗಂಡಗ ಹೇಳು. ಆದ್ರ ಅವ ಹಂಗ ಅಂದದ್ದು ತಪ್ಪಲ್ಲ, ನಾ ಮಾಡಿದ ಕೆಲಸಾನ ಹಂಗ ಐತಿ.

ಖರೆ ಹೇಳ್ತೀನಿ. ನಾ ಹುಟ್ಟಿದಾಗಿಂದ ಒಂದ ದಿನ ಮಷೀನ್ ಮುಂದ ಕುಂತಿಲ್ಲ. ತೊಗಲ ಹೊಲಿಯೂ ಮಷೀನ್ ಕಣ್ಣಿಲೆ ಕಂಡಿದ್ದಿಲ್ಲ. ನೀ ಕೇಳಿದಿ. ಎಷ್ಟು ದಿನಕ್ಕ ಒಬ್ಬರು ನನ್ನ ಏನರ ಕೇಳಾಕತ್ತಾರ ಅಂತ ಹಿಗ್ಗಿದೆ. ಗೊತ್ತಿಲ್ಲ ಅನ್ನಾಕ ನಾಲಿಗಿ ಹೊಳ್ಳಲಿಲ್ಲ. ಕೈ ಹೊಲಿಗಿ ಮಾತು ತಂದು ಮಷೀನಿಗೆ ಹೇಳಿದೆ. ತಪ್ಪು ನಂದು. ಅಂಗಡ್ಯಾಗ ನೀ ಅತ್ತದ್ದು ಓದಿ ಎರಡು ದಿನ ಕೂಳು ಇಳೀಲಿಲ್ಲ ನೋಡವಾ.

ಹ್ವಾದ ಸೋಮವಾರ ಹುಬ್ಬಳ್ಳಿಗೆ ಹೋಗಿದ್ದೆ, ಅದ ಅಂಗಡಿಗೆ. ಕಿವಿ ಇಲ್ಲಂತ ಕೈ ಸನ್ನಿ ಮಾಡಿದೆ. ಕಾಶಿನಾಥ ಒಳ್ಳೆ ಮನಷಾ, ಎಲ್ಲಾ ಹಾಳ್ಯಾಗ ಬರದು ತೋರಿಸಿದ. ನೆನದ ತೊಗಲ ಸೂಜಿ ಹಿಡಕೊಂತೈತಿ, ಕೆಳಗಿನ ದಾರ ಸಿಗೂದಿಲ್ಲ, ಅದಕ್ಕ ಹೊಲಿಗಿ ತಪ್ಪತೈತಿ, ತಾಡಪತ್ರಿದರ ದಪ್ಪ ಸೂಜಿ ಅಷ್ಟ ದೊಡ್ಡ ತೂತು ಹೊಡದು ದಾಟತೈತಿ ಅಂತ ಬರದ. ಸಂಜೀತನ ಅವನ ಬಾಜೂಕ ಕುಂತು ಹಸಿದೊಂದು, ಒಣಾದೊಂದು ಕೊಟ್ಟು ಹೊಲಸಿ ನೋಡಿದೆ. ಅವ ಬರದದ್ದು ಬರೋಬರಿ ಐತಿ.

ನಿನ್ನ ಮಷೀನ್ ಮಾರಬ್ಯಾಡ. ದುರಸ್ತ ಆಗತೈತಿ. ಮೂರು ಕೆಲಸ ಅದಾವ. ಸೂಜಿ ಸಣ್ಣದು ಹಾಕಬೇಕು, ಮೊನಿ ಚಪ್ಪಟ ಇದ್ದದ್ದು. ನಾ ತಂದೀನಿ. ಹೊಲಿಗಿ ದೂರ ದೂರ ಬೀಳೂವಂಗ ತಿರುಪು ತಿರುಗಿಸಬೇಕು. ಮೂರನೇದ್ದು, ಕೆಳಗಿನ ಹಲ್ಲಿನ ಚೂಪು ಕಬ್ಬಿಣ ಸವಸೂ ಕಾನಸ ಹಚ್ಚಿ ತಿಕ್ಕಿ ತಗೀಬೇಕು. ಒಂದ ಕೂದಲೆಳಿ ಹೆಚ್ಚು ತಿಕ್ಕಿದ್ರ ತೊಗಲ ಮುಂದ ಸರಿಯೂದಿಲ್ಲ, ಕಡಿಮಿ ಆದ್ರ ಕಚ್ಚೂದು ಬಿಡೂದಿಲ್ಲ. ಕಾಶಿನಾಥ ತನ್ನ ಕೈಲೆ ಆಗೂದಿಲ್ಲ ಅಂದ.

ಕಬ್ಬಿಣದ ಮ್ಯಾಲೆ ಅಂಥಾ ಕೈ ಇದ್ದಾವ ನಿಮ್ಮಪ್ಪ. ನನಗ ಗೊತ್ತಿದ್ದಂಗ ಇನ್ನೊಬ್ಬ ಇಲ್ಲ. ನಾ ಮಂಗಳವಾರ ಮೊದಲಿನ ಬಸ್ಸಿಗೆ ಬರ್ತೀನಿ. ಅವ ಇದ್ರ ಇರಲಿ. ಇರಾಕ ಮನಸಿಲ್ಲಂದ್ರ ಕಾನಸ ಇಟ್ಟು ಹೋಗಂತ ಹೇಳು, ನಾನ ತಿಕ್ಕಿ ಕೆಡಸ್ತೀನಿ.

ಗುಡದಪ್ಪ


ಮೊರಬ
ತಾ. 11-11-2024

ಕಾಕಾ,

ಎಂಟು ಜೋಡ್ಯಾಗ ಆರು ಜೋಡಿ ದೀಪಾವಳಿಗೆ ಮುಟ್ಟಿದ್ವು. ಎರಡು ಆಗಲಿಲ್ಲ, ಅವರು ಬೈದು ಹ್ವಾದ್ರು. ಪಾಡ್ಯದ ದಿನ ನಮ್ಮ ಓಣ್ಯಾಗ ಎತ್ತು ಓಡಿಸಿದಾಗ ನಾ ಎತ್ತಿನ ಮಾರಿ ನೋಡಲಿಲ್ಲ, ಕೊಳ್ಳ ಅಷ್ಟ ನೋಡಿದೆ. ಒಂದೂ ಬಿಚ್ಚಲಿಲ್ಲ. ಯುನೂಸ್ "ಟಂಟಂ ಯುಗಾದಿಗೆ ನೋಡೂಣು" ಅಂದಾರ. ಅವರ ಬಾಯಾಗ ಅಷ್ಟು ಬಂದದ್ದ ದೊಡ್ಡದು.

ಆವತ್ತ ನೀವು ಬಂದಾಗಿಂದು ಒಂದು ಹೇಳೂದು ಉಳದೈತಿ. ಮುಂಜಾನಿಯಿಂದ ಮಧ್ಯಾಹ್ನತನ ನೀವೂ ಅಪ್ಪನೂ ಮಷೀನ್ ಮುಂದ ಕುಂತ್ರಿ, ಅವರು ತಿಕ್ಕೂದು, ನೀವು ತುಂಡು ಹೊಲದು ನೋಡಿ ತಲಿ ಅಲ್ಲಾಡಸೂದು. ನಮ್ಮ ಅವ್ವ ಮಲಿಕಾಬಿ ಒಳಗ ಕುಂತು "ಎರಡು ಕಲ್ಲು ಕುಂತಾವ ನೋಡು" ಅಂತ ನಗಾಕತ್ತಿದ್ಲು. ನೀವು ಸೂಜಿ ಹಾಕಾಕ ತಲಿ ಬಗ್ಗಿಸಿದಾಗ ಅಪ್ಪ ಅಂದ್ರು, "ಗುಡದ್ಯಾ, ನಂದ ತಪ್ಪಾತಲೇ." ನಿಮಗ ಕೇಳಲಿಲ್ಲ. ಅವರು ಮತ್ತ ಅನ್ನಲಿಲ್ಲ. ಹೇಳಂತ ನನಗೇನೂ ಹೇಳಿಲ್ಲ, ನಾನ ಬರೀಲಾರದ ಇರಾಕ ಆಗಲಿಲ್ಲ.

ಈಗ ಕೆಲಸದ ವಿಷಯ. ದೇವಿಕೊಪ್ಪದ ಈರಬಸಪ್ಪ ಅನ್ನಾವರು ಬಂದಿದ್ರು. ಸ್ಪರ್ಧಾಕ್ಕ ಓಡಿಸೂ ಎತ್ತು ಅದಾವಂತ. ಹತ್ತು ಜೋಡಿ ಬೇಕಂತ ಕಾಕಾ, ಹತ್ತು ಜೋಡಿ! ಆದ್ರ ಒಂದು ಷರತ್ತು ಹಾಕ್ಯಾರ. ಬಕ್ಕಲ್ ಹತ್ತಿರ ನಿಮ್ಮ ಗುರುತು ಇರಬೇಕಂತ, ನೀವು ಉಳಿಲೆ ಹೊಡೆಯೂ ಮೂರು ಚುಕ್ಕಿ. "ಮೂರು ಚುಕ್ಕಿ ಇದ್ರ ತಗೊಂತೀನಿ, ಇಲ್ಲಂದ್ರ ಇಲ್ಲ" ಅಂದ್ರು. ಯುನೂಸ್ "ಹೊಡದು ಕೊಡು, ಮೂರು ಚುಕ್ಕಿ ಹೊಡಿಯೂದು ಏನು ದೊಡ್ಡ ಕೆಲಸ, ಮುದುಕ ಬ್ಯಾಡ ಅನ್ನೂದಿಲ್ಲ" ಅಂತಾರ. ಈ ಹತ್ತು ಜೋಡಿ ಕೈಗೆ ಬಂದ್ರ ಟಂಟಂ ಮಾತು ಮುಗೀತೈತಿ. ಬಿಟ್ಟು ಹೋದ್ರ ಯುಗಾದಿತನ ನಾ ಏನು ಹೊಲೀಲಿ?

ನಿಮ್ಮ ಗುರುತು ಹೊಡಿಲ್ಯಾ? ಅನುಮತಿ ಕೊಟ್ರ ನಾಚಿಕಿ ಬಿಟ್ಟು ಹೊಡೀತೀನಿ.

ನಿಮ್ಮ ಮಗಳು
ತಬಸುಮ್


ತಂಬೂರ
ತಾ. 20-11-2024

ಮಗಳ ತಬಸುಮ್,

ನಿಮ್ಮಪ್ಪ ಅಂದದ್ದು ನನಗ ಕೇಳಲಿಲ್ಲ ಖರೆ. ಆದ್ರ ಮಷೀನಿನ ಹೊಳಿಯೂ ತಗಡಿನಾಗ ಅವನ ತುಟಿ ಕಂಡಿತ್ತು. ಕಿವಿ ಹೋಗಿ ಐದು ವರ್ಷ ಆತು, ತುಟಿ ಓದೂದು ಕಲತೀನಿ. ಇನ್ನೊಮ್ಮೆ ಅನ್ನಲಿ ಅಂತ ಸುಮ್ಮನ ತಲಿ ಬಗ್ಗಿಸಿಕೊಂಡು ಕುಂತೆ. ಬಡ್ಡೀಮಗ ಅನ್ನಲಿಲ್ಲ. ಸಂಕ್ರಾಂತಿಗೆ ಬರ್ತೀನಂತ ಹೇಳು, ಈ ಸಲ ಎದುರಿಗೆ ಕುಂತು ಅನ್ನಲಿ.

ಈರಬಸಪ್ಪನ್ನ ಕಳಸಿದ್ದು ನಾನ. ಹದಿನಾರು ವರ್ಷದಿಂದ ನನ್ನ ಗಿರಾಕಿ ಅವ. ಈ ಸಲ ನನ್ನ ಕೈಲೆ ಆಗೂದಿಲ್ಲ ಅಂದೆ. ನನ್ನ ಬಲಗೈ ಹೆಬ್ಬಟ್ಟು ಆರಿ ಹಿಡಿಯವಲ್ದು. ಎರಡು ವರ್ಷದಿಂದ ಹಂಗ ಐತಿ, ಮನ್ಯಾಗ ಯಾರಿಗೂ ಹೇಳಿಲ್ಲ. ನಿನ್ನ ಮುಂದ ಬರಿಯಾಕತ್ತೀನಿ. ಐವತ್ತು ವರ್ಷ ಹೊಲದ ಕೈ ಇದು.

ಅವ ಮೂರು ಚುಕ್ಕಿ ಕೇಳಿದ್ದು ಓದಿ ಸಿಟ್ಟು ಬಂತು. ಭೀಮೇಶನ ಗಾಡಿ ಹಿಂದ ಕುಂತು ದೇವಿಕೊಪ್ಪಕ್ಕ ಹೋದೆ. ಕಟ್ಟಿ ಮ್ಯಾಲೆ ಐದಾರು ಮಂದಿ ಕುಂತಿದ್ರು, ಎಲ್ಲಾರ ಮುಂದ ಅಂದೆ: "ಮೂರು ಚುಕ್ಕಿ ಮುಗೀತೋ ಮಾರಾಯಾ. ಮೊರಬದಾಕಿ ಹೊಲದಾಳ, ಮಷೀನಿಲೆ ಹೊಲದಾಳ, ನಾ ಜಗ್ಗಿ ನೋಡೀನಿ. ಬೇಕಂದ್ರ ತಗೋ, ಬ್ಯಾಡಂದ್ರ ನೈಲಾನ್ ಕಟ್ಟು." ಅವ ಏನೇನೋ ಅಂದ, ನನಗ ಕೇಳಲಿಲ್ಲ, ತುಟೀನೂ ನೋಡಲಿಲ್ಲ. ಆರು ಜೋಡಿ ತಗೊಂತೀನಂತ ಭೀಮೇಶಗ ಹೇಳ್ಯಾನ. ನಾಕು ಕಡಿಮಿ ಆದ್ವು. ಆಗಲಿ.

ನನ್ನ ಗುರುತು ಹೊಡಿಬ್ಯಾಡ. ಹೊಡದ್ರ ನಾ ಸುಮ್ಮನಿರಾವಲ್ಲ. ನಿಂದ ಒಂದು ಗುರುತು ಮಾಡಿಕೋ, ಎಂಥಾದ್ದರ ಇರಲಿ, ನನ್ನ ಕೇಳಬ್ಯಾಡ. ಪಟ್ಟಿ ಹರದ್ರ ಮಂದಿ ನಿನ್ನ ಹೆಸರು ಹಿಡದು ಬೈಬೇಕು, ನಂದಲ್ಲ. ಹರೀಲಿಲ್ಲಂದ್ರ ಯಾರೂ ಏನೂ ಅನ್ನೂದಿಲ್ಲ. ಸುಮ್ಮನ ಮುಂದಿನ ವರ್ಷ ಮತ್ತ ನಿನ್ನ ಬಾಗಿಲಿಗೆ ಬರ್ತಾರ.

ನಿನ್ನ ಕಾಕಾ
ಗುಡದಪ್ಪ